ಕಂಡದ್ದೆಷ್ಟು, ಕಾಣದೆ ಹೋದದ್ದೆಷ್ಟು? ಬ್ಯಾರೋ ಊರಿನ ತಿಮಿಂಗಿಲ ಲೆಕ್ಕದ ಕಥೆ

ನಾವು ಪತ್ರಿಕೋದ್ಯಮ ಓದುತ್ತಿದ್ದಾಗ ಒಮ್ಮೆ ಕೆರೆಯ ಹಕ್ಕಿ ಎಣಿಸಲು ಹೋಗಿದ್ದೆವು. ಅರ್ಧ ಜನ ಕೆರೆ ಏರಿಯ ಮೇಲೆ, ಇನ್ನರ್ಧ ಜನ ಎದುರು ದಡದಲ್ಲಿ. ಎಣಿಸಬೇಕಾದದ್ದು ಗುಳುಮುಳುಕ ಮಾತ್ರ. ನೀವೂ ನೋಡಿರುತ್ತೀರಿ, ಇಲ್ಲಿ ಮುಳುಗಿದರೆ ಇನ್ನೆಲ್ಲೋ ಏಳುವ ಆ ಪುಟ್ಟ ಹಕ್ಕಿ. ಒಂದು ಗಂಟೆ ಎಣಿಸಿ ಬಂದು ನೋಡಿದರೆ ಎರಡು ಗುಂಪಿನ ಲೆಕ್ಕಕ್ಕೆ ತಾಳೆಯೇ ಇಲ್ಲ. ನಮ್ಮದು ಸರಿ, ನಿಮ್ಮದು ತಪ್ಪು ಎಂದು ಜಗಳ ಶುರುವಾಯಿತು. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: "ಎರಡೂ ಗುಂಪಿನವರಿಗೆ ಕಂಡ ಹಕ್ಕಿ ಎಷ್ಟು?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಯಾವ ಹಕ್ಕಿ ಯಾವಾಗ, ಎಲ್ಲಿ ಕಂಡಿತು ಎಂದು ನಾವ್ಯಾರೂ ಬರೆದಿಟ್ಟಿರಲಿಲ್ಲ.

ಆ ಪ್ರಶ್ನೆ ಏಕೆ ಅಷ್ಟು ದೊಡ್ಡದು ಎಂದು ನಮಗೆ ಅರ್ಥವಾದದ್ದು ಬಹಳ ದಿನಗಳ ಮೇಲೆ, ದೂರದ ಅಲಾಸ್ಕಾದ ಒಂದು ಊರಿನ ಕಥೆ ಓದಿದಾಗ. ಆ ಊರಿನ ಜನರ ಊಟ, ಹಬ್ಬ, ಮರ್ಯಾದೆ ಎಲ್ಲವೂ ಒಂದು ತಪ್ಪು ಲೆಕ್ಕದ ಮೇಲೆ ನಿಂತುಬಿಟ್ಟಿದ್ದವು. ಇವತ್ತು ಆ ಕಥೆ ಹೇಳುತ್ತೇವೆ.

ಮಂಜುಗಡ್ಡೆಯ ಅಂಚಿನ ಊರು

ಅಮೆರಿಕದ ಅಲಾಸ್ಕಾ ರಾಜ್ಯದ ಉತ್ತರ ತುದಿಯಲ್ಲಿ ಬ್ಯಾರೋ ಎಂಬ ಊರಿದೆ. 2016ರಲ್ಲಿ ಊರಿನವರು ಮತ ಹಾಕಿ ತಮ್ಮ ಭಾಷೆಯ ಹಳೆಯ ಹೆಸರನ್ನು ಮರಳಿ ತಂದರು: ಉತ್‌ಕಿಯಾಗ್ವಿಕ್. ಕಥೆ ನಡೆಯುವ ಕಾಲದಲ್ಲಿ ಅದು ಬ್ಯಾರೋ ಆಗಿದ್ದರಿಂದ ನಾವೂ ಹಾಗೇ ಕರೆಯುತ್ತೇವೆ.

ಅಲ್ಲಿನ ಮೂಲನಿವಾಸಿಗಳು ಇನ್ಯುಪಿಯಾಟ್ ಜನ. ಅಲ್ಲಿ ಹೊಲವಿಲ್ಲ, ತೋಟವಿಲ್ಲ. ವರ್ಷದ ಬಹುಪಾಲು ಸಮುದ್ರವೇ ಗಟ್ಟಿ ಮಂಜುಗಡ್ಡೆಯಾಗಿರುತ್ತದೆ. ಸಾವಿರಾರು ವರ್ಷಗಳಿಂದ ಆ ಕರಾವಳಿಯ ಜನರಿಗೆ ಅನ್ನ ಕೊಟ್ಟಿರುವುದು ಸಮುದ್ರದ ಪ್ರಾಣಿಗಳು. ಅವುಗಳಲ್ಲಿ ಮುಖ್ಯವಾದದ್ದು ಬೋಹೆಡ್ ತಿಮಿಂಗಿಲ. ಮೈಯೆಲ್ಲ ಕಪ್ಪು, ಗಲ್ಲದಲ್ಲಿ ಬಿಳಿ ಮಚ್ಚೆ, ಬೆನ್ನ ಮೇಲೆ ರೆಕ್ಕೆಯಿಲ್ಲ. ಮಂಜುಗಡ್ಡೆಗೆ ತಲೆಯಿಂದ ಗುದ್ದಿ, ಒಡೆದು ಉಸಿರಾಡುವಷ್ಟು ಬಲವಾದ ಪ್ರಾಣಿ. ಇನ್ನೂರು ವರ್ಷಕ್ಕೂ ಮೇಲೆ ಬದುಕಬಲ್ಲದು ಎನ್ನುತ್ತಾರೆ ವಿಜ್ಞಾನಿಗಳು.

ಪ್ರತಿ ವಸಂತದಲ್ಲಿ ಈ ತಿಮಿಂಗಿಲಗಳು ಬೇರಿಂಗ್ ಸಮುದ್ರದಿಂದ ಹೊರಟು ಬ್ಯಾರೋ ಪಕ್ಕದಲ್ಲೇ ಹಾದು ಪೂರ್ವಕ್ಕೆ ಹೋಗುತ್ತವೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮಂಜುಗಡ್ಡೆ ಅಲ್ಲಲ್ಲಿ ಸೀಳಿ ನೀರಿನ ಹಾದಿ ಬಿಡುತ್ತದೆ. ಬೇಟೆಗಾರರು ಆ ಸೀಳಿನ ಅಂಚಿನಲ್ಲಿ ಬಿಡಾರ ಹೂಡಿ, ಸೀಲ್ ಚರ್ಮ ಹೊದಿಸಿದ ಉಮಿಯಾಕ್ ಎಂಬ ದೋಣಿ ಇಟ್ಟುಕೊಂಡು ಕಾಯುತ್ತಾರೆ. ಒಂದು ತಿಮಿಂಗಿಲ ಸಿಕ್ಕರೆ ಇಡೀ ಊರು ಮಂಜುಗಡ್ಡೆಗೆ ಇಳಿದು ಹಗ್ಗ ಎಳೆಯುತ್ತದೆ. ಮಾಂಸಕ್ಕೆ ಬೆಲೆ ಕಟ್ಟಿ ಮಾರುವುದಿಲ್ಲ, ಪಾಲು ಹಾಕುತ್ತಾರೆ. ಮುದುಕರು, ವಿಧವೆಯರು, ಬೇಟೆಗೆ ಹೋಗಲಾಗದವರು ಎಲ್ಲರಿಗೂ ಪಾಲು ಹೋಗುತ್ತದೆ. ಬೇಟೆ ಚೆನ್ನಾಗಿ ಆದರೆ ಜೂನ್‌ನಲ್ಲಿ ನಲುಕಾತಕ್ ಎಂಬ ಹಬ್ಬ. ನಮ್ಮ ಕಡೆ ಸುಗ್ಗಿ ಇದ್ದಂತೆ ಅವರಿಗೆ ಅದು.

1977ರ ಆದೇಶ

ತಿಮಿಂಗಿಲ ಕಡಿಮೆ ಮಾಡಿದವರು ಇನ್ಯುಪಿಯಾಟ್ ಜನರಲ್ಲ. 1848ರಲ್ಲಿ ಥಾಮಸ್ ರಾಯ್ಸ್ ಎಂಬ ಅಮೆರಿಕನ್ ಕಪ್ತಾನ 'ಸುಪೀರಿಯರ್' ಎಂಬ ಹಡಗಿನಲ್ಲಿ ಬೇರಿಂಗ್ ಜಲಸಂಧಿ ದಾಟಿ ಬಂದ. ಅವನ ಹಿಂದೆಯೇ ನೂರಾರು ಹಡಗು ಬಂದವು. ದೀಪಕ್ಕೆ ಎಣ್ಣೆ, ಹೆಂಗಸರ ಬಿಗಿ ಉಡುಪಿಗೆ ತಿಮಿಂಗಿಲದ ಬಾಯೊಳಗಿನ ಬಾಚಣಿಗೆಯಂಥ ಪಟ್ಟಿ, ಇದಕ್ಕಾಗಿ ಸುಮಾರು ಅರವತ್ತು ವರ್ಷ ಕೊಂದರು. 20ನೇ ಶತಮಾನದ ಮೊದಲ ಭಾಗದಲ್ಲಿ ಆ ವ್ಯಾಪಾರ ಬಿದ್ದುಹೋಯಿತು. ಉಳಿದ ತಿಮಿಂಗಿಲಗಳ ಜೊತೆ ಉಳಿದವರು ಊರಿನ ಬೇಟೆಗಾರರು ಮಾತ್ರ.

1970ರ ದಶಕದಲ್ಲಿ ಊರಿನ ಬೇಟೆ ಹೆಚ್ಚಿತು. ಕೈಗೆ ಕಾಸು ಬಂದು ಹೊಸ ತಂಡಗಳು ಹುಟ್ಟಿದವು. ಎಲ್ಲರಿಗೂ ಅನುಭವ ಇರಲಿಲ್ಲ. 1977ರಲ್ಲಿ ದಡ ಸೇರಿದ ತಿಮಿಂಗಿಲಕ್ಕಿಂತ ಏಟು ತಿಂದು ಕೈತಪ್ಪಿಹೋದವೇ ಹೆಚ್ಚು. ಹೊರಗಿನವರಿಗೆ ಗಾಬರಿಯಾದದ್ದು ಸುಮ್ಮನೆ ಅಲ್ಲ, ಇದನ್ನೂ ನಾವು ಹೇಳಬೇಕು.

ಆಗ ವಿಜ್ಞಾನಿಗಳ ಕೈಯಲ್ಲಿದ್ದ ಅಂದಾಜು ಏನು? ಈ ಗುಂಪಿನ ಬೋಹೆಡ್ ತಿಮಿಂಗಿಲಗಳು ಉಳಿದಿರುವುದು ಕೆಲವು ನೂರರಿಂದ ಎರಡು ಸಾವಿರದೊಳಗೆ. ಅದನ್ನೇ ಹಿಡಿದು 1977ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸೇರಿದ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ, ಮೂಲನಿವಾಸಿಗಳಿಗೆ ಇದ್ದ ವಿನಾಯಿತಿಯನ್ನು ತೆಗೆದುಹಾಕಿತು. ಅಂದರೆ ಮುಂದಿನ ವಸಂತದಿಂದ ಒಂದು ತಿಮಿಂಗಿಲವನ್ನೂ ಹೊಡೆಯುವಂತಿಲ್ಲ.

ನಮ್ಮ ಊರಿಗೆ ಯಾರೋ ಬಂದು, "ಈ ವರ್ಷದಿಂದ ರಾಗಿ ಬಿತ್ತುವಂತಿಲ್ಲ, ಲೆಕ್ಕ ಹಾಗೆ ಹೇಳುತ್ತದೆ" ಎಂದರೆ ಹೇಗಿರುತ್ತದೆ? ಬ್ಯಾರೋದಲ್ಲಿ ಹಾಗೇ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬೇಟೆ ಊರುಗಳ ಕಪ್ತಾನರೆಲ್ಲ ಸೇರಿ ಅಲಾಸ್ಕಾ ಎಸ್ಕಿಮೊ ತಿಮಿಂಗಿಲ ಬೇಟೆ ಆಯೋಗ ಕಟ್ಟಿದರು. ಆ ಭಾಗದ ಸ್ಥಳೀಯ ಸರ್ಕಾರವಾದ ನಾರ್ತ್ ಸ್ಲೋಪ್ ಬರೋದ ಮೊದಲ ಮೇಯರ್ ಎಬೆನ್ ಹಾಪ್ಸನ್ ಮುಂದೆ ನಿಂತರು. ಡಿಸೆಂಬರ್‌ನಲ್ಲಿ ಟೋಕಿಯೋದ ವಿಶೇಷ ಸಭೆಯಲ್ಲಿ ಸ್ವಲ್ಪ ಸಡಿಲಿಕೆ ಸಿಕ್ಕಿತು. 1978ಕ್ಕೆ 12 ತಿಮಿಂಗಿಲ ದಡಕ್ಕೆ ತರಬಹುದು, ಇಲ್ಲವೇ 18ಕ್ಕೆ ಏಟು ಹಾಕಬಹುದು. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ನಿಲ್ಲಿಸಬೇಕು. ಅದೂ ಒಂದು ಊರಿಗಲ್ಲ, ಬೇಟೆಯಾಡುವ ಎಲ್ಲ ಊರುಗಳಿಗೂ ಸೇರಿ.

"ನಿಮಗೆ ಕಾಣುತ್ತಿಲ್ಲ, ಅಷ್ಟೇ"

ಆಗ ಎಣಿಸುತ್ತಿದ್ದದ್ದು ಹೀಗೆ. ನೀರಿನ ಸೀಳಿನ ಅಂಚಿನಲ್ಲಿ ಮಂಜುಗಡ್ಡೆ ಒತ್ತಿಕೊಂಡು ಎದ್ದ ದಿಬ್ಬದ ಮೇಲೆ ಎಣಿಸುವವರು ಕೂರುತ್ತಾರೆ. ಹೊಲ ಕಾಯಲು ಹಾಕುವ ಅಟ್ಟಣೆ ಅಂದುಕೊಳ್ಳಿ. ಬೈನಾಕ್ಯುಲರ್ ಹಿಡಿದು ಹಗಲೂ ರಾತ್ರಿ ಪಾಳಿಯಲ್ಲಿ ನೋಡುತ್ತಾರೆ. ಮೇ ಎರಡನೇ ವಾರದಿಂದ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ರಾತ್ರಿಯೂ ಬೆಳಕೇ. ಹಾದುಹೋದ ಪ್ರತಿ ತಿಮಿಂಗಿಲಕ್ಕೆ ಒಂದು ಗೀಟು.

ಬೇಟೆಗಾರರು ಹೇಳಿದ್ದು ಸರಳ ಮಾತು: ನೀವು ನೋಡುತ್ತಿರುವುದು ಸೀಳಿನಲ್ಲಿ ಹಾದುಹೋಗುವ ತಿಮಿಂಗಿಲ ಮಾತ್ರ. ಅವು ಸೀಳಿನಲ್ಲಷ್ಟೇ ಹೋಗುವುದಿಲ್ಲ. ಮಂಜುಗಡ್ಡೆಗೆ ಅವು ಹೆದರುವುದಿಲ್ಲ, ಕೆಳಗಿನಿಂದಲೇ ಹೋಗುತ್ತವೆ. ನಿಮ್ಮ ಕಣ್ಣಿಗೆ ನಿಲುಕದಷ್ಟು ದೂರದಲ್ಲೂ, ಅಗಲವಾಗಿ ಹರಡಿಕೊಂಡು ಹೋಗುತ್ತವೆ. ಸೀಳು ಮುಚ್ಚಿಕೊಂಡ ದಿನ ನೀವು ಸೊನ್ನೆ ಬರೆಯುತ್ತೀರಿ, ತಿಮಿಂಗಿಲ ಮಾತ್ರ ಹೋಗುತ್ತಲೇ ಇರುತ್ತದೆ.

ಹೀಗೆ ಹೇಳಿದವರಲ್ಲಿ ಹ್ಯಾರಿ ಬ್ರೋವರ್ ಸೀನಿಯರ್ ಎಂಬ ಹಿರಿಯ ಕಪ್ತಾನರೂ ಒಬ್ಬರು. ಅವರ ಮಾತನ್ನು ಕೂತು ಕೇಳಿಸಿಕೊಂಡವರು ಟಾಮ್ ಆಲ್ಬರ್ಟ್, ವೃತ್ತಿಯಿಂದ ಪಶುವೈದ್ಯರು, ಸ್ಥಳೀಯ ಸರ್ಕಾರದ ವಿಜ್ಞಾನ ಕೆಲಸ ನೋಡಿಕೊಳ್ಳುತ್ತಿದ್ದವರು. ಆಲ್ಬರ್ಟ್ ಆ ಮಾತನ್ನು ಕಟ್ಟುಕಥೆ ಎಂದು ತಳ್ಳಲಿಲ್ಲ. ದೊಡ್ಡವರು ಹೇಳಿದ್ದೆಲ್ಲ ಸತ್ಯ ಎಂದು ಒಪ್ಪಿ ಸುಮ್ಮನಾಗಲೂ ಇಲ್ಲ. ಪರೀಕ್ಷೆ ಮಾಡಬಹುದಾದ ಮಾತು ಇದು, ಮಾಡೋಣ ಎಂದರು. 1980ರ ದಶಕದ ಮೊದಲಲ್ಲಿ ಎಣಿಕೆಯ ಜವಾಬ್ದಾರಿಯನ್ನೇ ನಾರ್ತ್ ಸ್ಲೋಪ್ ಬರೋ ವಹಿಸಿಕೊಂಡು ತನ್ನ ಹಣ ಹಾಕಿತು.

ಎರಡು ಅಟ್ಟಣೆ

ಎಣಿಸುವವರ ಕಣ್ಣಿನಿಂದ ತಿಮಿಂಗಿಲ ತಪ್ಪುವುದು ಹೇಗೆ? ಒಂದು, ಅದು ನೀರಿನ ಮೇಲೆ ಬಂದಿತ್ತು, ಎದುರಿಗೇ ಇತ್ತು, ಆದರೂ ನೋಡುವವನಿಗೆ ಕಾಣಲಿಲ್ಲ. ಕಣ್ಣು ದಣಿದಿತ್ತು, ಬಿಸಿಲು ಹೊಳೆಯುತ್ತಿತ್ತು, ಬೇರೆ ಕಡೆ ತಿರುಗಿದ್ದ. ಎರಡು, ಅದು ಕಾಣುವಂತೆಯೇ ಇರಲಿಲ್ಲ. ನೀರೊಳಗಿತ್ತು, ಮಂಜುಗಡ್ಡೆಯ ಅಡಿಯಲ್ಲಿತ್ತು, ದೂರದಲ್ಲಿತ್ತು. ಮೂರು, ನೋಡುವವನೇ ಇರಲಿಲ್ಲ. ಮಂಜು ಕವಿದಿತ್ತು, ಗಾಳಿಗೆ ಮಂಜುಗಡ್ಡೆ ಒಡೆಯುವ ಭಯಕ್ಕೆ ಎಲ್ಲರೂ ದಡಕ್ಕೆ ಓಡಿದ್ದರು.

ಮೊದಲ ತಪ್ಪಿಗೆ ಎರಡನೇ ಅಟ್ಟಣೆ ಹಾಕಿದರು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಇಬ್ಬರೂ ಅದೇ ನೀರನ್ನು ನೋಡಬೇಕು, ಬೇರೆ ಬೇರೆ ಬರೆದುಕೊಳ್ಳಬೇಕು. ಕಂಡ ಹೊತ್ತು, ದಿಕ್ಕು, ದೂರ, ಎಲ್ಲ ಬೇಕು. ದೂರ ಅಳೆಯಲು ಥಿಯೋಡೊಲೈಟ್ ಬಳಸಿದರು. ರಸ್ತೆ ಸರ್ವೆಗೆ ಬಂದವರು ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರಲ್ಲ, ಅದೇ. ಆಮೇಲೆ ಎರಡು ಪಟ್ಟಿ ಹೋಲಿಸಿ, ಇದು ಅದೇ ತಿಮಿಂಗಿಲವೋ ಬೇರೆಯದೋ ಎಂದು ತೀರ್ಮಾನಿಸುತ್ತಿದ್ದರು.

ಇದರಿಂದ ಏನು ಸಿಗುತ್ತದೆ? ಒಂದು ಚಿಕ್ಕ ಲೆಕ್ಕ ಮಾಡೋಣ. ಸಂಖ್ಯೆಗಳು ತಿಳಿಸಲಿಕ್ಕಾಗಿ ನಾವು ಹಾಕಿಕೊಂಡವು.

ಮೊದಲ ಅಟ್ಟಣೆಯವರಿಗೆ ಕಂಡದ್ದು 40. ಎರಡನೇ ಅಟ್ಟಣೆಯವರಿಗೆ 30. ಹೋಲಿಸಿದಾಗ ಇಬ್ಬರ ಪಟ್ಟಿಯಲ್ಲೂ ಇರುವುದು 24.

ಎರಡನೆಯವರಿಗೆ ಕಂಡ 30 ತಿಮಿಂಗಿಲ ಅಲ್ಲಿ ಖಂಡಿತ ಇದ್ದವು. ಆ 30ರಲ್ಲಿ ಮೊದಲನೆಯವರಿಗೆ ಕಂಡದ್ದು 24. ಅಂದರೆ ಮೊದಲನೆಯವರ ಕಣ್ಣಿಗೆ ಹತ್ತರಲ್ಲಿ ಎಂಟು ಬೀಳುತ್ತವೆ. ಹತ್ತರಲ್ಲಿ ಎಂಟು ಕಾಣುವವರಿಗೆ 40 ಕಂಡಿದ್ದರೆ, ನಿಜವಾಗಿ ಹಾದುಹೋದದ್ದು 50. ಎರಡನೆಯವರ ಕಡೆಯಿಂದ ಬನ್ನಿ. ಮೊದಲನೆಯವರ 40ರಲ್ಲಿ ಇವರಿಗೆ ಕಂಡದ್ದು 24, ಅಂದರೆ ಹತ್ತರಲ್ಲಿ ಆರು. ಹತ್ತರಲ್ಲಿ ಆರು ಕಾಣುವವರಿಗೆ 30 ಕಂಡಿದ್ದರೆ, ನಿಜ 50. ಎರಡೂ ದಾರಿ ಒಂದೇ ಕಡೆ ಸೇರಿತು.

ಇಬ್ಬರೂ ಸೇರಿ ಕಂಡದ್ದು 46. ಯಾರಿಗೂ ಕಾಣದೆ ಹೋದದ್ದು 4. ಯಾರೂ ನೋಡದ ತಿಮಿಂಗಿಲವನ್ನು ಹೀಗೆ ಲೆಕ್ಕಕ್ಕೆ ತರಬಹುದು. ನಮ್ಮ ಮೇಷ್ಟ್ರು ಕೆರೆ ದಡದಲ್ಲಿ ಕೇಳಿದ ಪ್ರಶ್ನೆ ಇದೇ.

ಇದರಲ್ಲೂ ಒಂದು ಎಡವಟ್ಟಿದೆ. ಇಬ್ಬರೂ ಒಂದೇ ಕಾರಣಕ್ಕೆ ತಪ್ಪಿದರೆ ಈ ಲೆಕ್ಕ ಮೋಸ ಹೋಗುತ್ತದೆ. ದೂರದ ತಿಮಿಂಗಿಲ ಇಬ್ಬರಿಗೂ ಕಷ್ಟ, ಹತ್ತಿರದ್ದು ಇಬ್ಬರಿಗೂ ಸುಲಭ. ಆಗ ಇಬ್ಬರ ಪಟ್ಟಿಯೂ ಚೆನ್ನಾಗಿ ತಾಳೆಯಾಗುತ್ತದೆ, ನಾವು ಎಲ್ಲ ಕಂಡೆವು ಎಂದುಕೊಳ್ಳುತ್ತೇವೆ. ಅದಕ್ಕೇ ದೂರ, ಗುಂಪಿನ ಗಾತ್ರ, ಸೀಳಿನ ಸ್ಥಿತಿ, ಇವನ್ನೆಲ್ಲ ಬೇರೆ ಬೇರೆ ಮಾಡಿ ಲೆಕ್ಕ ಹಾಕಬೇಕಾಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞೆ ಜೂಡಿತ್ ಝೇ ಈ ಕೆಲಸಕ್ಕೆ ವರ್ಷಗಟ್ಟಲೆ ಕೂತರು.

ಕಣ್ಣಿಗೆ ಕಾಣದ್ದು ಕಿವಿಗೆ ಕೇಳಿತು

ಅಡಿಯಲ್ಲಿ ಹೋಗುವ, ದೂರದಲ್ಲಿ ಹೋಗುವ ತಿಮಿಂಗಿಲಕ್ಕೆ ಎಷ್ಟು ಅಟ್ಟಣೆ ಹಾಕಿದರೂ ಉಪಯೋಗವಿಲ್ಲ. ಅದಕ್ಕೆ ಕಿವಿ ಬೇಕಿತ್ತು. ಬೋಹೆಡ್ ತಿಮಿಂಗಿಲಗಳು ಹೋಗುವಾಗ ಕೂಗುತ್ತವೆ. 1980ರ ದಶಕದ ಮಧ್ಯದಿಂದ ಕ್ರಿಸ್ ಕ್ಲಾರ್ಕ್ ಮತ್ತು ಜೊತೆಗಾರರು ಮಂಜುಗಡ್ಡೆಯ ಅಂಚಿನುದ್ದಕ್ಕೂ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್‌ಗಳನ್ನು ಇಳಿಬಿಟ್ಟರು. ಒಂದೇ ಕೂಗು ಒಂದು ಮೈಕಿಗೆ ಸ್ವಲ್ಪ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ತಲುಪುತ್ತದೆ. ಆ ಅಂತರದಿಂದ ತಿಮಿಂಗಿಲ ಎಲ್ಲಿದೆ ಎಂದು ಗುರುತಿಸಬಹುದು.

ಕೇಳಿಸಿದ್ದು ಬೇಟೆಗಾರರು ಹೇಳಿದ್ದೇ. ಅಟ್ಟಣೆಯ ಕಣ್ಣಳತೆ ದಾಟಿ ದೂರದಲ್ಲಿ ಕೂಗು. ಸೀಳು ಮುಚ್ಚಿ ಎಣಿಸುವವರು ಸೊನ್ನೆ ಬರೆದ ದಿನವೂ ಮಂಜುಗಡ್ಡೆಯ ಅಡಿಯಿಂದ ಕೂಗು.

ಅಲ್ಲಿಂದ ಲೆಕ್ಕಕ್ಕೆ ಎರಡು ಕಾಲು ಬಂದವು. ಅಟ್ಟಣೆಯಿಂದ 4 ಕಿಲೋಮೀಟರ್ ಒಳಗೆ ಎಷ್ಟು ತಿಮಿಂಗಿಲ ಹೋದವು ಎನ್ನುವುದನ್ನು ಕಣ್ಣು ಹೇಳುತ್ತದೆ, ತಪ್ಪಿದ್ದನ್ನು ಸೇರಿಸಿ. ಒಟ್ಟು ತಿಮಿಂಗಿಲಗಳಲ್ಲಿ ಎಷ್ಟು ಪಾಲು ಆ 4 ಕಿಲೋಮೀಟರ್ ಒಳಗೆ ಹೋಗುತ್ತವೆ ಎನ್ನುವುದನ್ನು ಕಿವಿ ಹೇಳುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಟ್ಟು ಲೆಕ್ಕ.

ಅದೇ ವರ್ಷ, ಬೇರೆ ಸಂಖ್ಯೆ

1978ರ ಎಣಿಕೆಯಿಂದ ಮೊದಲು ಬಂದ ಅಂದಾಜು 2,264. ಅದೇ ವರ್ಷದ ಎಣಿಕೆಯನ್ನು ತಪ್ಪಿದವುಗಳ ಲೆಕ್ಕ ಸೇರಿಸಿ ಮುಂದೆ ತಿದ್ದಿದಾಗ ಬಂದದ್ದು ಸುಮಾರು 4,800. ಇದನ್ನು ನಿಧಾನವಾಗಿ ಓದಿ. ತಿಮಿಂಗಿಲ ಮರಿ ಹಾಕಿ ಹೆಚ್ಚಿದ್ದಲ್ಲ. 1978ರಲ್ಲಿ ಹಾದುಹೋದ ತಿಮಿಂಗಿಲಗಳೇ ಅವು. ಬದಲಾದದ್ದು ಎಣಿಸುವವರು ತಮ್ಮ ಕಣ್ಣನ್ನು ಅಳೆದುಕೊಂಡದ್ದು ಮಾತ್ರ.

ಆಮೇಲೆ ನಿಜವಾಗಿಯೂ ಹೆಚ್ಚಿದವು. 1993ಕ್ಕೆ ಸುಮಾರು 8,200. 2001ಕ್ಕೆ ಸುಮಾರು 10,500. 2011ಕ್ಕೆ ಸುಮಾರು 16,900. ದಶಕಗಳ ಕಾಲ ಈ ಎಣಿಕೆ ನಡೆಸಿದ ಕ್ರೇಗ್ ಜಾರ್ಜ್ ಮತ್ತು ಅವರ ತಂಡದ ಜೊತೆ ಊರಿನವರೂ ಮಂಜುಗಡ್ಡೆಯ ಮೇಲೆ ಕೂತರು. 2011ರಲ್ಲೂ ಒಬ್ಬರಿಗೊಬ್ಬರು ಮಾತಾಡದ ಎರಡು ಅಟ್ಟಣೆ ಹಾಕಿ ಮತ್ತೆ ಕಣ್ಣು ಪರೀಕ್ಷಿಸಿದರು. ಒಮ್ಮೆ ಅಳೆದು ಮುಗಿಯುವ ಕೆಲಸವಲ್ಲ ಇದು.

ಬೇಟೆಗಾರರೂ ಬದಲಾದರು. ಆಯುಧ ಸುಧಾರಿಸಿದರು, ತಮ್ಮ ಆಯೋಗದ ಮೂಲಕ ತಾವೇ ನಿಯಮ ಹಾಕಿಕೊಂಡರು, ಏಟು ತಿಂದು ಕೈತಪ್ಪುವುದು ಬಹಳ ಕಡಿಮೆಯಾಯಿತು. 2018ರಲ್ಲಿ ಅಂತರರಾಷ್ಟ್ರೀಯ ಆಯೋಗ ಒಪ್ಪಿದ ಪಾಲು ವರ್ಷಕ್ಕೆ 67 ಏಟು. ಅದರಲ್ಲೇ ರಷ್ಯಾದ ಚುಕೋಟ್ಕಾದ ಮೂಲನಿವಾಸಿಗಳಿಗೂ ಪಾಲುಂಟು. ಬೇಟೆಯೂ ನಡೆದಿದೆ, ತಿಮಿಂಗಿಲವೂ ಹೆಚ್ಚಿದೆ.

ಈ ಲೆಕ್ಕ ನಮ್ಮ ಹಳ್ಳಿಗೂ ಬಂದಿದೆ

ಎರಡು ಪಟ್ಟಿ ಹೋಲಿಸಿ ಕಾಣದ್ದನ್ನು ಹುಡುಕುವ ಉಪಾಯ ತಿಮಿಂಗಿಲಕ್ಕೆಂದು ಹುಟ್ಟಿದ್ದಲ್ಲ. 1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಮೀನಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಇದೇ ಬಗೆಯಲ್ಲಿ ಯೋಚಿಸಿದ್ದರು. ನಮಗೆ ಖುಷಿ ಕೊಟ್ಟ ಸಂಗತಿ ಇನ್ನೊಂದು. ಇದು ನಮ್ಮ ದೇಶದ ಹಳ್ಳಿಗಳ ಕಥೆಯೂ ಹೌದು.

ಬಂಗಾಳದ ಹೂಗ್ಲಿ ಜಿಲ್ಲೆಯ ಸಿಂಗೂರಿನ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ, ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಜನ ತೀರಿಕೊಂಡರು ಎಂದು ತಿಳಿಯಬೇಕಿತ್ತು. ನೋಂದಣಿ ಪುಸ್ತಕ ಒಂದು ಪಟ್ಟಿ. ಮನೆ ಮನೆಗೆ ಹೋಗಿ ಕೇಳಿ ಬರೆದದ್ದು ಇನ್ನೊಂದು ಪಟ್ಟಿ. ಎರಡರಲ್ಲೂ ಎಲ್ಲ ಹೆಸರಿಲ್ಲ. ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಆ ಎರಡು ಪಟ್ಟಿ ಹೋಲಿಸಿ, ಎರಡರಲ್ಲೂ ಬಾರದೆ ಹೋದ ಜನನ ಮರಣ ಎಷ್ಟಿರಬಹುದು ಎಂದು ಲೆಕ್ಕ ಹಾಕುವ ದಾರಿಯನ್ನು 1949ರಲ್ಲಿ ಪ್ರಕಟಿಸಿದರು. ಮುಂದೆ ದೇಶದ ಮಾದರಿ ನೋಂದಣಿ ವ್ಯವಸ್ಥೆಯನ್ನು ಕಟ್ಟಿದ್ದೂ ಇದೇ ಯೋಚನೆಯ ಮೇಲೆ. ಆಯ್ದ ಊರುಗಳಲ್ಲಿ ಊರಿನವರೇ ಒಬ್ಬರು ವರ್ಷವಿಡೀ ಜನನ ಮರಣ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಬೇರೆಯಾಗಿ ಕೇಳಿ ಬರೆಯುತ್ತಾರೆ. ಎರಡನ್ನೂ ಕೂರಿಸಿ ಹೋಲಿಸುತ್ತಾರೆ. ಶಿಶು ಮರಣ ಪ್ರಮಾಣ ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಬರುವುದು ಇಲ್ಲಿಂದ.

ನಮ್ಮ ನಾಗರಹೊಳೆಯಲ್ಲೂ ಇದೇ ಬೇರು. ಹೆಜ್ಜೆ ಗುರುತು ನೋಡಿ ಹುಲಿ ಎಣಿಸುತ್ತಿದ್ದ ಕಾಲದಲ್ಲಿ, ಇದ್ದ ಹುಲಿಯೆಲ್ಲ ಲೆಕ್ಕಕ್ಕೆ ಸಿಗುತ್ತದೆ ಎಂಬ ನಂಬಿಕೆ ಇತ್ತು. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಹುಲಿ ಗುರುತಿಸಿ, ಒಮ್ಮೆ ಸಿಕ್ಕದ್ದು ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬುದರಿಂದ ಸಿಗದ ಹುಲಿಗಳ ಲೆಕ್ಕ ಹಾಕಿದರು. ಹೆಜ್ಜೆ ಲೆಕ್ಕ ಎಷ್ಟು ಮೋಸ ಮಾಡಬಲ್ಲದು ಎಂದು 2005ರಲ್ಲಿ ರಾಜಸ್ಥಾನದ ಸರಿಸ್ಕಾ ತೋರಿಸಿತು. ಕಾಗದದಲ್ಲಿ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಬ್ಯಾರೋದಲ್ಲಿ ಇದ್ದದ್ದು ಲೆಕ್ಕಕ್ಕೆ ಬರಲಿಲ್ಲ, ಸರಿಸ್ಕಾದಲ್ಲಿ ಇಲ್ಲದ್ದು ಲೆಕ್ಕದಲ್ಲಿತ್ತು. ಎರಡು ಕಡೆಯೂ ಎಣಿಸುವವರ ಕಣ್ಣನ್ನು ಯಾರೂ ಅಳೆದಿರಲಿಲ್ಲ.

ನಮ್ಮ ಊರುಗಳಿಗೆ ಲೆಕ್ಕದವರು ಬರುತ್ತಲೇ ಇರುತ್ತಾರೆ. ದನ ಎಣಿಸಲು, ಬೆಳೆ ನಷ್ಟ ನೋಡಲು, ಮನೆ ಇಲ್ಲದವರ ಪಟ್ಟಿ ಮಾಡಲು. ಆ ದಿನ ಕೂಲಿಗೆ ಹೋದವರು, ಬಾಗಿಲು ಹಾಕಿಕೊಂಡ ಮನೆಯವರು, ಊರಾಚೆ ಗುಡಿಸಲಿನವರು ಪಟ್ಟಿಯಿಂದ ಬಿಟ್ಟುಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಬಿಟ್ಟುಹೋದವರು ಇಲ್ಲವೇ ಇಲ್ಲ ಎಂದಾಗುತ್ತದೆ. ಮುಂದಿನ ಸಲ ಗ್ರಾಮಸಭೆಯಲ್ಲಿ ಪಟ್ಟಿ ಓದಿದಾಗ ಒಂದು ಮಾತು ಕೇಳಿ: ಇಷ್ಟು ಸಿಕ್ಕಿತು ಅಂದಿರಿ, ಎಷ್ಟು ಬಿಟ್ಟುಹೋಗಿರಬಹುದು, ಅದನ್ನು ನೋಡಿದ್ದು ಹೇಗೆ? ಬ್ಯಾರೋ ಊರಿನವರು ಅದನ್ನೇ ಕೇಳಿದ್ದು. ಕೇಳಿ ಬಿಡಲಿಲ್ಲ, ತಾವೂ ಅಟ್ಟಣೆ ಹತ್ತಿ ಕೂತರು.

ನಾವು ಆ ಕೆರೆಗೆ ಇನ್ನೊಮ್ಮೆ ಹೋಗಿದ್ದೆವು. ಈ ಸಲ ಎರಡು ದಡದಲ್ಲೂ ಗಡಿಯಾರ ಸರಿ ಮಾಡಿಕೊಂಡು, ಕೆರೆಯ ನಕ್ಷೆ ಬರೆದುಕೊಂಡು, ಪ್ರತಿ ಹಕ್ಕಿ ಕಂಡ ಹೊತ್ತು, ಜಾಗ ಗುರುತು ಹಾಕಿದೆವು. ಪಟ್ಟಿ ಹೋಲಿಸಲು ಕೂತಾಗ ಸಂಜೆಯಾಗಿತ್ತು. ಎರಡೂ ಗುಂಪಿನ ಲೆಕ್ಕ ಈ ಸಲವೂ ಬೇರೆಯೇ ಇತ್ತು. ಜಗಳ ಮಾತ್ರ ಆಗಲಿಲ್ಲ.